ಸ್ಟೆಂಟಿನಲ್ಲಿ ತಡವಾಗಿ ಹೆಪ್ಪುಗಟ್ಟುವ ರಕ್ತ

ದೇಹಕ್ಕೆಲ್ಲ ರಕ್ತವನ್ನು ಕಳುಹಿಸುವ ಹೃದಯಕ್ಕೂ ರಕ್ತ ಬೇಕು. ಅದರ ಸ್ನಾಯುಗಳಿಗೆ ರಕ್ತವನ್ನು ಒದಗಿಸುವ ನಾಳಗಳಿಗೆ ಕಿರೀಟ ಧಮನಿಗಳೆಂದು ಹೆಸರು. ಇವುಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ ದಾರಿ ಕಿರಿದಾದರೆ ಎದೆನೋವು ಬರುತ್ತದೆ. ದಾರಿ ಮುಚ್ಚಿಹೋದರೆ ಹೃದಯಾಘಾತವಾಗುತ್ತದೆ.

1977ರಲ್ಲಿ ಜ್ಯೂರಿಚ್ ನಗರದ ವೈದ್ಯ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಧಮನಿಯೊಳಗೆ ಪುಟ್ಟ ಬಲೂನನ್ನು ಉಬ್ಬಿಸಿ ದಾರಿಯನ್ನು ಅಗಲಿಸಿದರು. ಆದರೆ ಹಲವರಲ್ಲಿ ಆ ನಾಳ ಮತ್ತೆ ಕುಗ್ಗುತ್ತಿತ್ತು. ಅದಕ್ಕೆಂದೇ 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ವೈದ್ಯರು ಲೋಹದ ಬಲೆಯಂತಹ ಕೊಳವೆಯನ್ನು ಒಳಗಿರಿಸಿದರು. ಇದೇ ಸ್ಟೆಂಟ್. ಗಾಯ ಮಾಯುವಾಗ ಅಂಗಾಂಶ ಅತಿಯಾಗಿ ಬೆಳೆದು ಸ್ಟೆಂಟಿನ ದಾರಿಯೂ ಕಿರಿದಾಗುವುದು ಮುಂದೆ ಕಂಡುಬಂತು. ಅದನ್ನು ತಡೆಯುವ ಔಷಧವನ್ನು ಲೇಪಿಸಿದ ಸ್ಟೆಂಟುಗಳು ಯುರೋಪಿನಲ್ಲಿ 2002ರಲ್ಲಿಯೂ ಅಮೆರಿಕದಲ್ಲಿ 2003ರಲ್ಲಿಯೂ ಬಳಕೆಗೆ ಬಂದವು.

ಆದರೆ ಆ ಔಷಧವೇ ಇನ್ನೊಂದು ತೊಂದರೆಗೆ ಎಡೆಮಾಡಿತು. ಸ್ಟೆಂಟ್ ಇರಿಸಿ ತಿಂಗಳು, ವರುಷಗಳು ಕಳೆದ ಮೇಲೆಯೂ ಕೆಲವರಲ್ಲಿ ಅದರೊಳಗೆ ರಕ್ತ ಹೆಪ್ಪುಗಟ್ಟತೊಡಗಿತು. 2006ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ ಈ ವಿಷಯ ದೊಡ್ಡ ಚರ್ಚೆಯಾಯಿತು.

ಇದಕ್ಕೆ ಕಾರಣಗಳೇನು? ಹೊಸದಾಗಿ ಕಟ್ಟಿದ ಬದುವಿನ ಮೇಲೆ ಹುಲ್ಲು ಹಬ್ಬುವಂತೆ, ಸ್ಟೆಂಟಿನ ಲೋಹದ ಮೇಲೆ ಧಮನಿಯ ನುಣುಪಾದ ಒಳಪದರ ಹಬ್ಬಬೇಕು. ಅತಿಬೆಳವಣಿಗೆಯನ್ನು ತಡೆಯುವ ಔಷಧ ಈ ಬೆಳವಣಿಗೆಯನ್ನೂ ನಿಧಾನಗೊಳಿಸುತ್ತದೆ. ಬರಿಯ ಲೋಹ ರಕ್ತಕ್ಕೆ ತಾಗಿದರೆ ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಅದಕ್ಕೆ ಅಂಟಿ ಹೆಪ್ಪಾಗುತ್ತವೆ. ಔಷಧವನ್ನು ಹಿಡಿದಿಡುವ ಲೇಪ ಕೆಲವರ ದೇಹಕ್ಕೆ ಒಗ್ಗದೆ ಉರಿಯೂತವಾಗುವುದು, ಸ್ಟೆಂಟ್ ಗೋಡೆಗೆ ಸರಿಯಾಗಿ ಅಂಟಿಕೊಳ್ಳದಿರುವುದು, ಅದರೊಳಗೆ ಹೊಸದಾಗಿ ಕೊಬ್ಬು ಸೇರುವುದು ಇತರ ಕಾರಣಗಳು. ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ರೋಗವುಳ್ಳವರಲ್ಲಿ ಅಪಾಯ ಹೆಚ್ಚು.

ಇವೆಲ್ಲವೂ ನಮ್ಮ ಕೈಯಲ್ಲಿಲ್ಲ. ಆದರೆ ಒಂದು ಮುಖ್ಯ ಕಾರಣ ನಮ್ಮ ಕೈಯಲ್ಲೇ ಇದೆ. ಅದು ಮಾತ್ರೆ ನಿಲ್ಲಿಸುವುದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮುಂತಾದ ಮಾತ್ರೆಗಳು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. "ಈಗ ನೋವಿಲ್ಲ, ಮಾತ್ರೆ ಯಾಕೆ?" ಎಂದು ಬಿಟ್ಟರೆ ಆ ಕಾವಲು ತಪ್ಪುತ್ತದೆ.

ಇಂದಿನ ಸ್ಟೆಂಟುಗಳ ತಂತಿಗಳು ತೆಳುವಾಗಿವೆ, ಲೇಪಗಳೂ ಸುಧಾರಿಸಿವೆ. ಆದ್ದರಿಂದ ಈ ತೊಂದರೆ ವಿರಳ. ಆದರೂ ಬಂದರೆ ಪ್ರಾಣಕ್ಕೇ ಅಪಾಯ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಅಜ್ಜನಿಗೋ ತಂದೆಗೋ ಸ್ಟೆಂಟ್ ಇದ್ದರೆ ದಿನವೂ ಮಾತ್ರೆಯ ನೆನಪು ಮಾಡಿಕೊಡಿರಿ. ಹಲ್ಲು ಕೀಳಿಸುವುದಿದ್ದರೂ ಹೃದಯದ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಎದೆನೋವು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.