ನೀಲಿ ಜೋಡಿಗೆ ಕರಿ ಮರಿ: ಮೋಸವಲ್ಲ, ಲೆಕ್ಕ!

ಹುಂಜವೂ ನೀಲಿ, ಹೇಂಟೆಯೂ ನೀಲಿ. ಚೆಂದದ ಜೋಡಿ ಅಂತ ಕೈತುಂಬ ದುಡ್ಡು ಕೊಟ್ಟು ತಂದದ್ದಾಯಿತು. ಕಾವಿಗೆ ಕೂರಿಸಿ ಮರಿ ಬಂದ ಮೇಲೆ ನೋಡಿದರೆ ಕೆಲವು ಕಪ್ಪು, ಕೆಲವು ಮಾಸಲು ಬಿಳಿ! "ಕಲಬೆರಕೆ ತಳಿ ಕೊಟ್ಟು ಟೋಪಿ ಹಾಕಿದ" ಅಂತ ಮಾರಿದವನ ಮೇಲೆ ಜಗಳ.

ಸ್ವಲ್ಪ ತಾಳಿ ಸ್ವಾಮಿ. ಈ ತಕರಾರು ಇಂದು ನಿನ್ನೆಯದಲ್ಲ.

ಸ್ಪೇನ್ ದೇಶದ ಆಂಡಲೂಸಿಯ ಪ್ರಾಂತ್ಯದ ಹೆಸರು ಹೊತ್ತ 'ಆಂಡಲೂಸಿಯನ್' ಎಂಬ ಕೋಳಿ ಇದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶೋಕಿದಾರರು ಇದನ್ನು ಬಲು ಆಸೆಯಿಂದ ಬೆಳೆಸಿದರು. ನೀಲಿ ಅನ್ನೋದು ಹೆಸರಿಗೆ ಮಾತ್ರ. ನಿಜವಾಗಿ ಸ್ಲೇಟಿನ ಬಣ್ಣ. ಸೀರೆಗೆ ಅಂಚು ಇದ್ದಂತೆ ಪ್ರತಿ ಗರಿಗೂ ಕಪ್ಪು ಅಂಚು. ಪ್ರದರ್ಶನದಲ್ಲಿ ಬಹುಮಾನ ನೀಲಿಗೇ. ಹಾಗಾಗಿ ಕರಿ, ಬಿಳಿ ಮರಿಗಳನ್ನು ಕಸ ಅಂತ ತೆಗೆದುಹಾಕಿ, ನೀಲಿಗೆ ನೀಲಿಯನ್ನೇ ಕೂಡಿಸುತ್ತ ಹೋದರು. ಆರಿಸುತ್ತ ಹೋದರೆ ತಳಿ ಶುದ್ಧವಾಗುತ್ತೆ ಅನ್ನೋ ನಂಬಿಕೆ. ಎಷ್ಟು ತಲೆಮಾರು ಆರಿಸಿದರೂ ಶುದ್ಧ ಆಗಲೇ ಇಲ್ಲ!

ಗುಟ್ಟು ಬಿಡಿಸಿದವರು ಕೇಂಬ್ರಿಜ್‌ನ ವಿಲಿಯಂ ಬೇಟ್ಸನ್ ಮತ್ತು ರೆಜಿನಾಲ್ಡ್ ಪನೆಟ್. ಗ್ರೆಗರ್ ಮೆಂಡೆಲ್ ಎಂಬ ಪಾದ್ರಿ ಬಟಾಣಿ ಗಿಡ ಬೆಳೆದು 1866ರಲ್ಲಿ ಪ್ರಕಟಿಸಿದ ಲೆಕ್ಕ 1900ರವರೆಗೆ ಮೂಲೆಗೆ ಬಿದ್ದಿತ್ತು. ಅದನ್ನೇ ಇವರು ಕೋಳಿಗೆ ಹಚ್ಚಿದರು.

ಕಾಫಿಗೆ ಹಾಲು ಬೆರೆಸಿದ ಮೇಲೆ ಡಿಕಾಕ್ಷನ್ ಬೇರೆ, ಹಾಲು ಬೇರೆ ಮಾಡೋದು ಯಾರಿಂದಲೂ ಆಗದು. ಕೋಳಿ ಬಣ್ಣ ಹಾಗಲ್ಲ. ಕಪ್ಪನ್ನು ತೆಳು ಮಾಡುವ ಒಂದು ವಂಶವಾಹಿ ಇದೆ. ಮರಿಗೆ ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು. ತೆಳು ಮಾಡುವ ಪಾಲು ಒಂದೂ ಬರದಿದ್ದರೆ ಮರಿ ಕಪ್ಪು. ಒಂದು ಬಂದರೆ ನೀಲಿ. ಎರಡೂ ಬಂದರೆ ಚುಕ್ಕೆ ಚದುರಿದ ಮಾಸಲು ಬಿಳಿ. ನೀಲಿ ಕೋಳಿಯೊಳಗೆ ಎರಡು ಬಗೆಯ ಪಾಲೂ ಬೆರೆಯದೆ ಉಳಿದಿರುತ್ತೆ. ಮರಿಗೆ ಯಾವುದು ಹೋದೀತು ಅನ್ನೋದು ನಾಣ್ಯ ಚಿಮ್ಮಿದ ಹಾಗೆ.

ಆದ್ದರಿಂದ ನೀಲಿಗೆ ನೀಲಿ ಕೂಡಿಸಿದರೆ 100ಕ್ಕೆ ಸುಮಾರು 25 ಕಪ್ಪು, 50 ನೀಲಿ, 25 ಮಾಸಲು ಬಿಳಿ. ಇದು ಸರಾಸರಿ ಲೆಕ್ಕ. ಹತ್ತು ಹನ್ನೆರಡು ಮೊಟ್ಟೆಯಲ್ಲಿ ಹೆಚ್ಚುಕಡಿಮೆ ಆಗೋದು ಸಹಜ.

ಈಗ ತಮಾಷೆ ನೋಡಿ. ಕಸ ಅಂತ ಎಸೆದ ಆ ಕಪ್ಪಿಗೂ ಮಾಸಲು ಬಿಳಿಗೂ ಜೋಡಿ ಮಾಡಿದರೆ ಹುಟ್ಟುವ ಮರಿಗಳೆಲ್ಲ ನೀಲಿ! ನೀಲಿ ಜೋಡಿಯಿಂದ ಬರುವುದಕ್ಕಿಂತ ಎರಡು ಪಟ್ಟು. ಅಷ್ಟು ವರ್ಷ ಶೋಕಿದಾರರು ಹಿತ್ತಲಿಗೆ ಎಸೆದದ್ದು ಬಂಡವಾಳವನ್ನೇ.

ಆರ್ಪಿಂಗ್ಟನ್, ಕೊಚಿನ್ ತಳಿಗಳ ನೀಲಿಗೂ ಇದೇ ಲೆಕ್ಕ. ಆದರೆ ಬಿಳಿ ಕಂಡದ್ದೆಲ್ಲ ಈ ಬಿಳಿಯಲ್ಲ. ಮೊಟ್ಟೆಗಾಗಿ ಸಾಕುವ ಬಿಳಿ ಲೆಗ್‌ಹಾರ್ನ್ ತಂದು ಕರಿಗೆ ಕೂಡಿಸಿದರೆ ನೀಲಿ ಬರೋದಿಲ್ಲ, ಬಿಳಿ ಮರಿಯೇ ಬರೋದು. ಅದರ ಬಿಳುಪಿಗೆ ಕಾರಣವಾದ ವಂಶವಾಹಿಯೇ ಬೇರೆ.

ಕೊಳ್ಳುವವರಿಗೆ ಒಂದು ಮಾತು. "ನೀಲಿ ಜೋಡಿ, ಮರಿ ಎಲ್ಲ ನೀಲಿಯೇ" ಅಂತ ಯಾರಾದರೂ ಭರವಸೆ ಕೊಟ್ಟರೆ ಆತನಿಗೆ ಲೆಕ್ಕ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾನೆ. ಕರಿ ಮರಿ ಕಂಡ ಮಾತ್ರಕ್ಕೆ ಮಾರಿದವನ ಕೊರಳಪಟ್ಟಿ ಹಿಡಿಯೋದೂ ನ್ಯಾಯವಲ್ಲ. ಕರಿಯನ್ನೂ ಚುಕ್ಕೆ ಬಿಳಿಯನ್ನೂ ಸಾರಿಗೆ ಹಾಕುವ ಮುನ್ನ ಒಂದು ಸಲ ಯೋಚನೆ ಮಾಡಿ. ಮುಂದಿನ ನೀಲಿ ಇರೋದು ಅಲ್ಲೇ!