ಅಳೆಯಲು ಹೋದವರು

ಮೈಸೂರಿನ ಮಾನಸಗಂಗೋತ್ರಿಯ ಮಾನವಶಾಸ್ತ್ರ ವಿಭಾಗಕ್ಕೆ ಪ್ರಾಕ್ಟಿಕಲ್ ಹೊತ್ತಿನಲ್ಲಿ ಹೋಗಬೇಕು. ಹುಡುಗನೊಬ್ಬ ಸ್ಟೂಲಿನ ಮೇಲೆ ಬೆನ್ನು ಸೆಟೆಸಿ ಕೂತಿದ್ದಾನೆ. ಬಾಗಿದ ಎರಡು ಕಾಲುಗಳ ಕ್ಯಾಲಿಪರಿನಲ್ಲಿ ಸಹಪಾಠಿ ಅವನ ತಲೆ ಹಿಡಿದಿದ್ದಾಳೆ. ಹುಬ್ಬುಗಳ ನಡುವಿನಿಂದ ಹಿಂದಲೆಯವರೆಗೆ ಉದ್ದ, ಕಿವಿಗಳ ಮೇಲ್ಗಡೆ ಅಗಲ. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಂದು ಸಂಖ್ಯೆ. 75ಕ್ಕಿಂತ ಕಡಿಮೆಯಿದ್ದರೆ ನೀಳ ತಲೆ, 80 ದಾಟಿದರೆ ಅಗಲ ತಲೆ. "82 ಕಣೋ, ಅದಕ್ಕೇ ನಿನಗೆ ಹೆಲ್ಮೆಟ್ ಸಿಗಲ್ಲ" ಎಂದು ಅವಳು ಓದಿ ಹೇಳಿದಾಗ ಇಡೀ ಕೋಣೆ ಗೊಳ್ಳೆನ್ನುತ್ತದೆ.

ನಗು ತಣಿದ ಮೇಲೆ ಮೇಷ್ಟ್ರು ರಿಸ್ಲಿಯ ಪ್ರಸ್ತಾಪ ತೆಗೆಯುತ್ತಾರೆ. 1901ರ ಜನಗಣತಿಯ ಹೊಣೆ ಹೊತ್ತಿದ್ದ ಬ್ರಿಟಿಷ್ ಅಧಿಕಾರಿ ಆತ. ಮೂಗಿನ ಅಗಲ ಅಳೆದು ಜಾತಿಗಳ ಮೇಲುಕೀಳನ್ನು ಸಾಬೀತುಪಡಿಸಲು ಹೊರಟಿದ್ದ. ಆ ಬಗೆಯ ಸಲಕರಣೆ ಇನ್ನೂ ಪೆಟ್ಟಿಗೆಯಲ್ಲಿದೆ, ಆದರೆ ಕೇಳುವ ಪ್ರಶ್ನೆ ಬದಲಾಗಿದೆ. ಈಗ ಪಕ್ಕದಲ್ಲೇ ಪುಟ್ಟ ಮಕ್ಕಳ ತೋಳಿಗೆ ಸುತ್ತುವ ಬಣ್ಣದ ಪಟ್ಟಿಯೂ ಇರುತ್ತದೆ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಾದರೆ ಅದು ತೀವ್ರ ಅಪೌಷ್ಟಿಕತೆ. ಅಳತೆಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇರೆ ಇರಲಾರದು.

ಆಮೇಲೆ ವಂಶಾವಳಿ. ಗಂಡಿಗೆ ತ್ರಿಕೋನ, ಹೆಣ್ಣಿಗೆ ಸೊನ್ನೆ, ಮದುವೆಗೆ ಜೋಡಿ ಗೆರೆ, ತೀರಿಕೊಂಡವರ ಮೇಲೆ ಓರೆ ಗೀಟು. ನಂಟರನ್ನು ಹೀಗೆ ಕ್ರಮವಾಗಿ ದಾಖಲಿಸುವ ದಾರಿ ತೋರಿದ ಡಬ್ಲ್ಯು.ಎಚ್.ಆರ್. ರಿವರ್ಸ್ ನಮ್ಮ ನೆರೆಯ ನೀಲಗಿರಿಯ ತೊಡವರ ನಡುವೆ ಅಲೆದಾಡಿ, 1906ರಲ್ಲಿ ಅವರ ಬಗ್ಗೆ ದಪ್ಪ ಪುಸ್ತಕ ತಂದವರು. ಮೇಷ್ಟ್ರದೊಂದು ಷರತ್ತು: ಕ್ಷೇತ್ರಕಾರ್ಯಕ್ಕೆ ಬುಡಕಟ್ಟಿನವರ ಹಾಡಿಗೆ ಹೋಗುವ ಮುಂಚೆ ನಿಮ್ಮ ಮನೆಯದನ್ನೇ ಬರೆದು ತನ್ನಿ. ಮಂಡ್ಯ ಕಡೆಯ ಹುಡುಗಿಯ ಹಾಳೆ ರಬ್ಬರಿನಲ್ಲಿ ಉಜ್ಜಿ ಉಜ್ಜಿ ತೂತು ಬಿದ್ದಿದೆ. ಅವಳ ಅಜ್ಜಿ ಕೈಹಿಡಿದದ್ದು ಸ್ವಂತ ಸೋದರಮಾವನನ್ನು. ಒಂದೇ ತ್ರಿಕೋನ ಮೇಲಿನ ಸಾಲಿನಲ್ಲಿ ಮುತ್ತಜ್ಜಿಯ ತಮ್ಮ, ಕೆಳಗಿನ ಸಾಲಿನಲ್ಲಿ ಅಜ್ಜಿಯ ಗಂಡ. ಇಂಗ್ಲೆಂಡಿನ ಗೆರೆಗೆ ನಮ್ಮ ಕಡೆಯ ಮದುವೆಗಳು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅಜ್ಜಿಯ ದೊಡ್ಡಕ್ಕನ ಹೆಸರು ಕೇಳಲು ಮನೆಗೆ ಫೋನು ಹಚ್ಚಿದರೆ ಅಮ್ಮನಿಗೆ ಗಾಬರಿ: "ಯಾಕೇ, ಯಾರಾದ್ರೂ ಆಸ್ತಿ ಕೇಳ್ತಿದಾರಾ?"

ಮೈಸೂರಿನಲ್ಲಿ ಈ ಪಾಠ ಹೇಳುವವರಿಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮನೆಯ ಹಿರಿಯರು. 1948ರಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ಊರ ಗೌಡರ ಎತ್ತಿನ ಮನೆಯಲ್ಲಿ ಬಿಡಾರ ಹೂಡಿದರು. ಆ ಹಳ್ಳಿಗೆ ಪುಸ್ತಕದಲ್ಲಿ ರಾಂಪುರ ಎಂಬ ಹೆಸರು. ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲಿನಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಬೂದಿಯಾದವು. ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಇದನ್ನು ಕೇಳಿದ ಹುಡುಗರು ತೆಗೆದುಕೊಂಡ ನೀತಿ ಸರಳ: ಮಲಗುವ ಮುಂಚೆ ಡೈರಿಯ ಪುಟಗಳ ಫೋಟೋ ತೆಗೆದು ಡ್ರೈವ್‌ಗೆ ಹಾಕು!

ಹೆಗ್ಗಡದೇವನಕೋಟೆ ಕಡೆಯ ಜೇನುಕುರುಬರ ಹಾಡಿಗೆ ಬಂದಿಳಿದಾಗ ವಿದ್ಯಾರ್ಥಿಗಳ ಕೈಯಲ್ಲಿ ಪ್ರಶ್ನಾವಳಿಯ ಕಟ್ಟು. ಬೆಳಿಗ್ಗೆ ಹತ್ತಕ್ಕೆ ಮನೆ ಮನೆ ಸುತ್ತಿದರೆ ಬಾಗಿಲಿಗೆಲ್ಲ ಅಗುಳಿ. ನಸುಕಿನಲ್ಲೇ ಕೊಡಗಿನ ಕಾಫಿ ತೋಟಗಳ ಜೀಪು ಬಂದು ಆಳುಗಳನ್ನು ತುಂಬಿಕೊಂಡು ಹೋಗಿದೆ. ಉಳಿದವರು ಮುದುಕರು, ಮಕ್ಕಳು, ನಾಯಿಗಳು. ಕ್ಷೇತ್ರಕಾರ್ಯದ ವೇಳಾಪಟ್ಟಿ ಆ ಜೀಪಿನ ಗಳಿಗೆಗೆ ಹೊಂದಿಕೊಂಡು ಸಂಜೆಗೆ ಜಾರುತ್ತದೆ.

ಜಗಲಿಯ ಅಜ್ಜಿ ಸಿಕ್ಕಳು. ವಯಸ್ಸೆಷ್ಟಜ್ಜೀ? ಆಧಾರ್ ಕಾರ್ಡು ಜನವರಿ ಒಂದು ಎನ್ನುತ್ತದೆ, ಅದನ್ನು ಅವಳೇ ನಂಬುವುದಿಲ್ಲ. "ಕಾಕನಕೋಟೇಲಿ ಕಡೇ ಖೆಡ್ಡಾ ಆದಾಗ ನನ್ ಮೊದ್ಲು ಮಗ ಸೊಂಟದ್ ಮ್ಯಾಲಿದ್ದ" ಎನ್ನುತ್ತಾಳೆ. ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ತಂಡದ ಹುಡುಗನೊಬ್ಬ ಬೆರಳು ಮಡಿಸಿ ಲೆಕ್ಕ ಹಾಕುತ್ತಾನೆ. ಆನೆ ಹಿಡಿದದ್ದು, ಕಬಿನಿ ನೀರು ಏರಿದ್ದು, ಕಾಡಿನಿಂದ ಹೊರಗೆ ಹಾಕಿದ್ದು: ಇವೇ ಅವಳ ಪಂಚಾಂಗ. ಪ್ರಶ್ನಾವಳಿಯ ಚೌಕದಲ್ಲಿ ಅದಕ್ಕೆ ಜಾಗವಿಲ್ಲ. ಹುಡುಗ ಹಾಳೆ ತಿರುವಿ ಹಿಂಬದಿಯಲ್ಲಿ ಬರೆಯತೊಡಗುತ್ತಾನೆ. ನನ್ನ ಮಟ್ಟಿಗೆ ಪದವಿ ಶುರುವಾಗುವುದು ಆ ಹಿಂಬದಿಯಿಂದ.

ಆಮೇಲೆ ಸರದಿ ಅಜ್ಜಿಯದು. "ನಿಂಗ್ ಮದ್ವೆ ಆಗದಾ? ಇದ್ಕೆ ಸಂಬ್ಳ ಎಷ್ಟ್ ಕೊಟ್ಟಾರು? ಏನೂ ಇಲ್ವಾ? ಮತ್ಯಾಕ್ ಬಂದೆ?" ಎಲೆಯಡಿಕೆ ಮಡಿಸುತ್ತಾ ಇನ್ನೊಂದನ್ನು ಇಡುತ್ತಾಳೆ: "ಹೋದ್ ವರ್ಸನೂ ಬಂದಿದ್ರು. ಅದ್ರ ಹಿಂದ್ಲ ವರ್ಸನೂ. ನಮ್ ತಲೆ ಅಳದ್ರು, ರಕ್ತ ತಕ್ಕೊಂಡ್ ಹೋದ್ರು. ಅದೇನಾಯ್ತು ಮಗಾ?" ಸಿಲಬಸ್ಸಿನಲ್ಲಿ ಸಂಶೋಧನಾ ನೀತಿ ಎಂಬ ಘಟಕವಿದೆ. ಈ ಪ್ರಶ್ನೆಯನ್ನು ಅದರ ಮೊದಲ ಪುಟದಲ್ಲೇ ಅಚ್ಚು ಹಾಕಬೇಕು.

ಕಲಿತದ್ದನ್ನು ಕೆಲಸಕ್ಕೆ ಹಚ್ಚಲು ಮೈಸೂರಿನಲ್ಲಿ ಜಾಗಗಳಿಗೆ ಬರವಿಲ್ಲ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಇಲ್ಲಿದೆ, ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆ ಇದೆ, ವೆಲ್ಲಿಂಗ್ಟನ್ ಹೌಸ್‌ನಲ್ಲಿ ಮಾನವ ಸಂಗ್ರಹಾಲಯದ ಶಾಖೆ ಇದೆ. ವಸ್ತುಸಂಗ್ರಹಾಲಯದ ಕೆಲಸವೆಂದರೆ ಗಾಜಿನ ಪೆಟ್ಟಿಗೆಯಲ್ಲ, ಕಾರ್ಡು ಬರೆಯುವುದು: ವಸ್ತು ಯಾವುದು, ಯಾರು ಮಾಡಿದ್ದು, ಎಲ್ಲಿಂದ ಬಂತು, ಹೇಗೆ ಬಳಸುತ್ತಾರೆ. ಹೆಣೆದವರ ಹೆಸರಿಲ್ಲದ ಬುಟ್ಟಿ ಬರೀ ಬಿದಿರು.

ಪ್ರಬಂಧ ಇಂಗ್ಲಿಷಿನಲ್ಲಿ ಬೈಂಡ್ ಆಗಿ ಕಪಾಟು ಸೇರುವುದು ವಾಡಿಕೆ. ಈ ತಂಡದ ಹುಡುಗಿಯೊಬ್ಬಳು ಕನ್ನಡದಲ್ಲಿ ನಾಲ್ಕು ಪುಟ ಬರೆದು, ಹಾಡಿಯ ನಕ್ಷೆ ಲಗತ್ತಿಸಿ ವಾಪಸ್ಸು ಒಯ್ದಳು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳುವಾಗ ಹಿರಿಯರ ಹೇಳಿಕೆಗೂ ಸಾಕ್ಷ್ಯದ ಬೆಲೆಯಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ರಕ್ಷಿತಾರಣ್ಯದೊಳಗೇ ಸಮುದಾಯ ಹಕ್ಕುಪತ್ರ ಪಡೆದದ್ದು ಈ ಕಡೆಯ ಹಾಡಿಗಳಿಗೂ ಗೊತ್ತು. ಯಜಮಾನ ನಕ್ಷೆಯನ್ನು ಅತ್ತಿತ್ತ ತಿರುಗಿಸಿ ನೋಡಿದ. "ಹಳೇ ಹಾಡಿ ಹೊಳೆ ಆಚ್ಗೆ ಕಣವ್ವ, ಈಚ್ಗಲ್ಲ. ನಮ್ಮ ತಾತನ್ನ ಮಣ್ ಮಾಡಿದ್ ಜಾಗ ಎಲ್ಲಿ? ಜೇನ್ ಮರ ಒಂದೂ ಇಲ್ವಲ್ಲ!" ಜನ ಕವಿದರು. ಒಬ್ಬ ಕಡ್ಡಿ ಹಿಡಿದು ನೆಲದ ಮೇಲೆ ಹೊಳೆ ಎಳೆದ. ಇನ್ನೊಬ್ಬಳು ಅದು ಅಷ್ಟು ಸೊಟ್ಟಗಿಲ್ಲ ಎಂದು ಕಾಲಲ್ಲಿ ಅಳಿಸಿದಳು. ಹುಡುಗಿ ಬ್ಯಾಗಿನಿಂದ ಪೆನ್ಸಿಲ್ ತೆಗೆದಳು.

"ಬರ್ಕೊ, ನಿಧಾನಕ್ಕೆ ಬರ್ಕೊ" ಎಂದ ಯಜಮಾನ. "ಆಮ್ಯಾಕೆ ಐದ್ ಜೆರಾಕ್ಸ್ ಮಾಡ್ಸು. ಬುಧ್ವಾರ ಗ್ರಾಮಸಭೆ ಐತೆ."