ಸಾವಿರದ ಐದು ಪಂದ್ಯ, ಹದಿನೆಂಟು ಚದರ ಮೀಟರ್

ಫುಟ್‌ಬಾಲ್ ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗುಣಿಸಿ ನೋಡಿದರೆ ಹದಿನೆಂಟು ಚದರ ಮೀಟರೂ ತುಂಬುವುದಿಲ್ಲ. ಇಂಗ್ಲೆಂಡಿನ ಪೀಟರ್ ಶಿಲ್ಟನ್ ಇಷ್ಟೇ ಜಾಗವನ್ನು 1966ರಿಂದ 1997ರ ತನಕ 1,005 ಲೀಗ್ ಪಂದ್ಯಗಳಲ್ಲಿ ಕಾದರು. ಪಂದ್ಯಕ್ಕೆ 90 ನಿಮಿಷವೆಂದು ಹಿಡಿದರೂ 90,450 ನಿಮಿಷ. ಹಗಲು ರಾತ್ರಿ ಒಂದೇ ಸಮನೆ ನಿಂತರೆ 62 ದಿನ ಕಳೆದು 63ನೆಯ ದಿನಕ್ಕೆ ಕಾಲಿಡಬೇಕು. ದೇಶದ ಪರವಾಗಿ ಆಡಿದ 125 ಪಂದ್ಯಗಳು ಈ ಲೆಕ್ಕದಲ್ಲಿಲ್ಲ.

ವಿಶ್ವಕಪ್ ಸೆಮಿಫೈನಲ್ ಆಡಿದ್ದ ಶಿಲ್ಟನ್ ತಮ್ಮ ಸಾವಿರದ ಲೀಗ್ ಪಂದ್ಯ ಆಡಿದ್ದು 1996ರ ಡಿಸೆಂಬರ್ 22ರಂದು. ಆಡಿದ್ದು ಪೂರ್ವ ಲಂಡನ್ನಿನ ಲೇಟನ್ ಓರಿಯೆಂಟ್ ಎಂಬ ಸಣ್ಣ ಕ್ಲಬ್ಬಿಗೆ, ಲೀಗಿನ ಕಟ್ಟಕಡೆಯ ಡಿವಿಷನ್ನಿನಲ್ಲಿ. ಆಗ ಅವರಿಗೆ 47 ವರ್ಷ. ಸಾವಿರ ಮುಟ್ಟಲು ಅವರು ಕೆಳಗಿಳಿಯಬೇಕಾಯಿತು ನಿಜ. ಆದರೆ ಇಳಿದು ಬಂದವರಿಗೆ ಅಲ್ಲಿ ಆಡಲು ಪಂದ್ಯಗಳಿದ್ದವು. ನಾವು ಬೆರಗಾಗಬೇಕಾದದ್ದು ಅದಕ್ಕೆ.

ಇಂಗ್ಲಿಷ್ ಲೀಗಿನ ಏಣಿಗೆ ನಾಲ್ಕು ಮೆಟ್ಟಿಲು. ಮೇಲಿನ ಪ್ರೀಮಿಯರ್ ಲೀಗಿನಲ್ಲಿ 20 ಕ್ಲಬ್ಬುಗಳು, ಟಿ.ವಿ.ಯಲ್ಲಿ ನಾವು ನೋಡುವುದು ಅವನ್ನೇ. ಅದರ ಕೆಳಗಿನ ಮೂರು ಮೆಟ್ಟಿಲುಗಳಲ್ಲಿ ತಲಾ 24. ಒಬ್ಬೊಬ್ಬರ ಮೇಲೂ ಎರಡೆರಡು ಸಲ ಆಡಿದರೆ ಪ್ರತಿ ಕ್ಲಬ್ಬಿಗೆ ವರ್ಷಕ್ಕೆ 46 ಪಂದ್ಯ, ಒಂದು ಡಿವಿಷನ್ನಿಗೆ 552, ಮೂರಕ್ಕೂ ಸೇರಿ 1,656. ಪ್ರೀಮಿಯರ್ ಲೀಗಿನದು ಬರೀ 380. ನಮ್ಮ ಕಣ್ಣಿಗೆ ಬೀಳುವ ಪ್ರತಿ ಒಂದು ಪಂದ್ಯದ ಕೆಳಗೆ ಕಣ್ಣಿಗೆ ಬೀಳದ ನಾಲ್ಕಕ್ಕೂ ಹೆಚ್ಚು ಪಂದ್ಯಗಳು ನಡೆಯುತ್ತಿರುತ್ತವೆ, ಪ್ರತಿಯೊಂದರಲ್ಲೂ ಎರಡು ತುದಿಗೆ ಇಬ್ಬರು ಗೋಲ್‌ಕೀಪರ್‌ಗಳು ನಿಂತಿರುತ್ತಾರೆ.

ಈ ಪಂದ್ಯಗಳು ನಡೆಯುವ ಊರುಗಳೆಲ್ಲ ಮಹಾನಗರಗಳೇನಲ್ಲ. 2011ರ ಜನಗಣತಿಯಂತೆ ನಮ್ಮ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಪಟ್ಟಣದಲ್ಲಿ ಸುಮಾರು 33 ಸಾವಿರ ಜನ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳೂ ಆಗ ನಲವತ್ತು ಸಾವಿರದೊಳಗಿನ ಊರುಗಳೇ. ಉತ್ತರ ಇಂಗ್ಲೆಂಡಿನ ಅಕ್ರಿಂಗ್ಟನ್‌ನಲ್ಲಿ ಇರುವುದೂ ಸುಮಾರು 35 ಸಾವಿರ ಜನ. ಅಷ್ಟು ಜನರ ಊರು ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಂಡ ಕ್ಲಬ್ಬೊಂದನ್ನು ಸಾಕುತ್ತದೆ. ಅಕ್ರಿಂಗ್ಟನ್ ಸ್ಟ್ಯಾನ್ಲಿ ಎಂಬ ಆ ಕ್ಲಬ್ 1962ರಲ್ಲಿ ಸಾಲ ತೀರಿಸಲಾಗದೆ ಲೀಗ್ ಬಿಟ್ಟಿತು, ಆಮೇಲೆ ಮುಚ್ಚಿಯೇ ಹೋಯಿತು. 1968ರಲ್ಲಿ ಊರವರು ಮತ್ತೆ ಕಟ್ಟಿದರು. ಲೀಗಿಗೆ ಮರಳಿದ್ದು 2006ರಲ್ಲಿ, ಬಿಟ್ಟು 44 ವರ್ಷವಾದ ಮೇಲೆ. ಇನ್ನೂ ಚಿಕ್ಕ ಊರು ಬೇಕೆಂದರೆ ನೇಲ್ಸ್‌ವರ್ತ್ ಇದೆ. ಅಲ್ಲಿನ ಜನಸಂಖ್ಯೆ ಆರು ಸಾವಿರದ ಆಸುಪಾಸು, ನಮ್ಮ ಮನಗೂಳಿಯಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಆ ಊರಿನ ಫಾರೆಸ್ಟ್ ಗ್ರೀನ್ ರೋವರ್ಸ್ 2017ರಲ್ಲಿ ಲೀಗಿಗೆ ಬಡ್ತಿ ಪಡೆಯಿತು. ಲೀಗಿನ ಇತಿಹಾಸದಲ್ಲಿ ಕ್ಲಬ್ ಹೊಂದಿದ್ದ ಅತಿ ಚಿಕ್ಕ ಊರು ಅದೇ.

ಇಂಥ ಊರುಗಳ ನಡುವೆ ಗೋಲ್‌ಕೀಪರ್‌ನ ಆಯಸ್ಸು ಸಾಗುತ್ತದೆ. ಜಾನ್ ಬರಿಡ್ಜ್ 1960ರ ದಶಕದ ಕೊನೆಗೆ ನಾಲ್ಕನೆಯ ಡಿವಿಷನ್ನಿನ ವರ್ಕಿಂಗ್ಟನ್ ಕ್ಲಬ್ಬಿನಲ್ಲಿ ಆಟ ಶುರು ಮಾಡಿದರು. ಮುಂದೆ ಹತ್ತಿರಹತ್ತಿರ 30 ಕ್ಲಬ್ ತಿರುಗಿ, 750ಕ್ಕೂ ಹೆಚ್ಚು ಲೀಗ್ ಪಂದ್ಯ ಆಡಿದರು. 1995ರ ಮೇ 14ರಂದು ಮ್ಯಾಂಚೆಸ್ಟರ್ ಸಿಟಿಗೆ ಗೋಲು ಕಾದಾಗ ಅವರಿಗೆ 43 ವರ್ಷ 162 ದಿನ. ಪ್ರೀಮಿಯರ್ ಲೀಗ್ ಆಡಿದ ಅತಿ ಹಿರಿಯ ಆಟಗಾರರೆಂಬ ದಾಖಲೆ ಅವರದು. ಅಲನ್ ನೈಟ್ ಇದಕ್ಕೆ ತದ್ವಿರುದ್ಧ. 1978ರಿಂದ 2000ದವರೆಗೆ ಅವರು ಪೋರ್ಟ್ಸ್‌ಮತ್ ಬಿಟ್ಟು ಕದಲಲಿಲ್ಲ. ಒಂದೇ ಕ್ಲಬ್ಬಿಗೆ 683 ಲೀಗ್ ಪಂದ್ಯ. ಕ್ಲಬ್ ನಾಲ್ಕೂ ಡಿವಿಷನ್ನುಗಳಲ್ಲಿ ಇಳಿದು ಏರಿತು, ಗೋಲ್‌ಕೀಪರ್ ಮಾತ್ರ ಅವರೇ.

ಹೀಗೆ ನೂರಾರು ಪಂದ್ಯ ಆಡಿದವರಿದ್ದಾರೆ, ಮೂರೇ ಪಂದ್ಯದಲ್ಲಿ ಊರಿಗೇ ಬೇಕಾದವರೂ ಇದ್ದಾರೆ. 1999ರಲ್ಲಿ ಕಾರ್ಲೈಲ್ ಯುನೈಟೆಡ್ ಕ್ಲಬ್ಬಿಗೆ ಗೋಲ್‌ಕೀಪರ್ ಇಲ್ಲದೆ, ವಿಶೇಷ ಅನುಮತಿ ಪಡೆದು ಸ್ವಿಂಡನ್‌ನಿಂದ ಜಿಮ್ಮಿ ಗ್ಲಾಸ್ ಅವರನ್ನು ಎರವಲು ತಂದಿತು. ಮೇ 8ರಂದು ಪ್ಲಿಮತ್ ವಿರುದ್ಧ ಗೆಲ್ಲದಿದ್ದರೆ 71 ವರ್ಷಗಳ ಲೀಗ್ ಸ್ಥಾನ ಹೋಗುತ್ತಿತ್ತು. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂತು, 1–1. ಕೊನೆಯ ಕಾರ್ನರ್‌ಗೆ ಗ್ಲಾಸ್ ತಮ್ಮ ಗೋಲು ಬಿಟ್ಟು ಇಡೀ ಮೈದಾನ ಓಡಿ ಬಂದರು. ಎದುರಾಳಿ ಗೋಲ್‌ಕೀಪರ್ ತಡೆದ ಚೆಂಡು ಅವರ ಕಾಲಿಗೇ ಸಿಕ್ಕಿತು, ಒದ್ದರು, ಗೋಲು. ಕಾರ್ಲೈಲ್ ಉಳಿಯಿತು. ಅದರ ಬದಲು ಲೀಗಿನಿಂದ ಹೊರಬಿದ್ದ ಸ್ಕಾರ್ಬರೋ ಚೇತರಿಸಿಕೊಳ್ಳದೆ 2007ರಲ್ಲಿ ಮುಚ್ಚಿತು. ಗ್ಲಾಸ್ ಕಾರ್ಲೈಲ್‌ಗೆ ಆಡಿದ್ದು ಒಟ್ಟು 3 ಪಂದ್ಯ. ಮುಂದೆ 27ಕ್ಕೇ ಆಟ ಬಿಟ್ಟು, ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸಿದರು.

2021ರ ಜನವರಿ 19ರಂದು ನ್ಯೂಪೋರ್ಟ್ ಕೌಂಟಿಯ ಟಾಮ್ ಕಿಂಗ್ ತಮ್ಮ ಗೋಲಿನ ಮುಂದಿನಿಂದ ಒದ್ದ ಚೆಂಡು ಚೆಲ್ಟನಮ್ ತಂಡದ ಗೋಲಿನೊಳಗೇ ಹೋಯಿತು. ದೂರ 96.01 ಮೀಟರ್, ಆಗ ಅದು ಗಿನ್ನೆಸ್ ದಾಖಲೆಯಾಯಿತು. ನಮ್ಮ ಕಬಡ್ಡಿ ಅಂಕಣಗಳನ್ನು ಉದ್ದಕ್ಕೆ ಏಳು ಜೋಡಿಸಿದರೂ ಇನ್ನೈದು ಮೀಟರ್ ಉಳಿಯುತ್ತದೆ. ಇದು ನಡೆದದ್ದೂ ನಾಲ್ಕನೆಯ ಮೆಟ್ಟಿಲಿನಲ್ಲೇ.

ಈಗ ನಮ್ಮ ಕಡೆ ಬರೋಣ. ಶಿಲ್ಟನ್ ಸಾವಿರ ಮುಟ್ಟಿದ ಪೂರ್ವ ಲಂಡನ್ನಿನಲ್ಲೇ ಇಲ್ಫರ್ಡ್ ಎಂಬ ಜಾಗವಿದೆ. 1948ರ ಜುಲೈ 31ರಂದು ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯವನ್ನು ಅಲ್ಲಿ ಫ್ರಾನ್ಸ್ ವಿರುದ್ಧ ಆಡಿತು. ನಮ್ಮ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಗೋಲು ಕಾದವರು ಮೈಸೂರು ರಾಜ್ಯದ ಕೆಂಚಪ್ಪ ವರದರಾಜ್, ಮುಂದೆ ಆಡಿದವರಲ್ಲಿ ಬೆಂಗಳೂರಿನ ಅಹ್ಮದ್ ಖಾನ್. ಭಾರತ ಎರಡು ಪೆನಾಲ್ಟಿ ಕಳೆದುಕೊಂಡಿತು, ಕೊನೆಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು 1–2ರಿಂದ ಸೋತಿತು. ಒಲಿಂಪಿಕ್ಸ್ ಒಂದೇ ಪಂದ್ಯಕ್ಕೆ ಮುಗಿಯಿತು.

ನಮ್ಮಲ್ಲಿ ಒಳ್ಳೆಯ ಗೋಲ್‌ಕೀಪರ್‌ಗಳಿಲ್ಲ ಎನ್ನುವ ಹಾಗಿಲ್ಲ. 2017ರಲ್ಲಿ ನಾರ್ವೆಯಿಂದ ಬೆಂಗಳೂರು ಎಫ್‌ಸಿಗೆ ಬಂದ ಗುರುಪ್ರೀತ್ ಸಿಂಗ್ ಸಂಧು, 2019ರ ಸೆಪ್ಟೆಂಬರ್‌ನಲ್ಲಿ ಆಗಿನ ಏಷ್ಯಾ ಚಾಂಪಿಯನ್ ಕತಾರ್‌ಗೆ ಅದರದೇ ನೆಲದಲ್ಲಿ ಒಂದು ಗೋಲನ್ನೂ ಕೊಡಲಿಲ್ಲ. 2023ರ ಜುಲೈ 4ರಂದು ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್‌ನ ಕೊನೆಯ ಪೆನಾಲ್ಟಿ ತಡೆದು ಭಾರತಕ್ಕೆ ಸ್ಯಾಫ್ ಕಪ್ ತಂದುಕೊಟ್ಟರು. ಹನ್ನೊಂದು ಮೀಟರ್ ದೂರದ ಚೆಂಡು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬಂದರೆ ತಡೆಯಲು ಸಿಗುವುದು 0.4 ಸೆಕೆಂಡ್. ಆ ಚಳಕ ನಮ್ಮವರಿಗೂ ಇದೆ. ಇಲ್ಲದ್ದು ಪಂದ್ಯಗಳು.

2024-25ರ ಇಂಡಿಯನ್ ಸೂಪರ್ ಲೀಗಿನಲ್ಲಿ 13 ತಂಡಗಳಿದ್ದವು, ಲೀಗ್ ಹಂತದಲ್ಲಿ ತಲಾ 24 ಪಂದ್ಯ, ಒಟ್ಟು 156. ಇಂಗ್ಲೆಂಡಿನ ಕೆಳಗಿನ ಮೂರು ಮೆಟ್ಟಿಲುಗಳ 1,656ರ ಪಕ್ಕದಲ್ಲಿ ಇದು ಹತ್ತರಲ್ಲೊಂದು ಪಾಲೂ ಅಲ್ಲ. ವರ್ಷಕ್ಕೆ 24ರಂತೆ ಒಂದನ್ನೂ ಬಿಡದೆ ಆಡಿದರೂ ಶಿಲ್ಟನ್ನರ 1,005 ಮುಟ್ಟಲು ನಮ್ಮ ಗೋಲ್‌ಕೀಪರ್‌ಗೆ ಸುಮಾರು 42 ವರ್ಷ ಬೇಕು. ಹದಿನಾರಕ್ಕೆ ಶುರು ಮಾಡಿದವರು ಮುಗಿಸುವಾಗ ವಯಸ್ಸು 58.

ಇಂಗ್ಲೆಂಡಿನಲ್ಲೂ ಇದೆಲ್ಲ ಒಂದೇ ದಿನಕ್ಕೆ ಬೆಳೆದದ್ದಲ್ಲ. 1888ರಲ್ಲಿ ಲೀಗ್ ಶುರುವಾದಾಗ ಇದ್ದದ್ದು 12 ಕ್ಲಬ್. ಅದರಲ್ಲಿ ಅಕ್ರಿಂಗ್ಟನ್ ಊರಿನದೂ ಒಂದಿತ್ತು. ವಿಜಯಪುರ ಜಿಲ್ಲೆಯಲ್ಲಿ ಈಗ ಆಲಮೇಲವೂ ಸೇರಿ 13 ತಾಲ್ಲೂಕುಗಳಿವೆ. ತಾಲ್ಲೂಕಿಗೊಂದು ತಂಡ ಕಟ್ಟಿ, ತಮ್ಮೂರಲ್ಲೊಮ್ಮೆ ಎದುರಾಳಿಯ ಊರಲ್ಲೊಮ್ಮೆ ಆಡಿದರೆ ಪ್ರತಿ ತಂಡಕ್ಕೆ 24 ಪಂದ್ಯ, ಒಟ್ಟು 156. ದೇಶದ ಅತಿ ದೊಡ್ಡ ಲೀಗಿನಲ್ಲಿ 2024-25ರಲ್ಲಿ ನಡೆದಷ್ಟೇ ಪಂದ್ಯಗಳು ಒಂದೇ ಜಿಲ್ಲೆಯೊಳಗೆ ನಡೆದಾವು. ಕಬಡ್ಡಿ, ಕುಸ್ತಿ, ಸೈಕಲ್ಲುಗಳ ಈ ನಾಡಿನಲ್ಲಿ ಫುಟ್‌ಬಾಲ್ ಆಗಲೇಬೇಕೆಂದಿಲ್ಲ. ಯಾವ ಆಟಕ್ಕಾದರೂ ಈ ಲೆಕ್ಕ ಒಂದೇ. ಜಾತ್ರೆಗೊಂದು ಪಂದ್ಯಾವಳಿ, ಬಹುಮಾನಕ್ಕೊಂದು ಕಪ್ ಎಂದು ಮುಗಿಸದೆ, ವರ್ಷವಿಡೀ ನಡೆಯುವ ಲೀಗ್ ಕಟ್ಟಿಕೊಡಿ. ಉಳಿದ ಅಂಕಿಗಳನ್ನು ಹುಡುಗ ಹುಡುಗಿಯರೇ ಕೂಡಿಸುತ್ತಾರೆ.